ಮದ್ದು ಎಬ್ಬಿಸಿದ ದದ್ದು

ಅಡಾಲಿಮುಮ್ಯಾಬ್ ಎಂಬ ಚುಚ್ಚುಮದ್ದನ್ನು ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆಯನ್ನು ಹತೋಟಿಗೆ ತರಲು ಕೊಡುತ್ತಾರೆ. ಅದೇ ಮದ್ದನ್ನು ಸಂಧಿವಾತಕ್ಕೋ ಕರುಳಿನ ಉರಿಯೂತಕ್ಕೋ ತೆಗೆದುಕೊಳ್ಳುತ್ತಿರುವ ಕೆಲವರಲ್ಲಿ, ಹಿಂದೆಂದೂ ಚರ್ಮದ ಕಾಯಿಲೆಯೇ ಇಲ್ಲದವರಲ್ಲಿ ಕೂಡ, ಸೋರಿಯಾಸಿಸ್ ಹೊಸದಾಗಿ ಹುಟ್ಟಿಕೊಳ್ಳುತ್ತದೆ. ಬೆರಳ ಗಂಟುಗಳ ಬಾವು ಇಳಿದು, ಬೆಳಗಿನ ಹೊತ್ತು ಲೋಟ ಹಿಡಿಯಲೂ ಬಿಡದೆ ಬಿಗಿಯುತ್ತಿದ್ದ ಕೈ ಸಡಿಲವಾಗಿ, ಇನ್ನೇನು ಎಲ್ಲ ಸರಿಹೋಯಿತು ಅನ್ನುವಾಗ ಅಂಗಾಲಿನಲ್ಲಿ ಗುಂಡುಸೂಜಿಯ ತಲೆಯಷ್ಟು ಹಳದಿ ಕೀವುಗುಳ್ಳೆಗಳು ಏಳುತ್ತವೆ. ಕೆಲವು ದಿನಗಳಲ್ಲಿ ಅವು ಒಣಗಿ ಕಂದು ಚುಕ್ಕೆಗಳಾಗುತ್ತವೆ, ಮೇಲಿನ ಚರ್ಮ ಹೊಟ್ಟುಹೊಟ್ಟಾಗಿ ಸುಲಿಯುತ್ತದೆ, ಅಷ್ಟರಲ್ಲಿ ಪಕ್ಕದಲ್ಲೇ ಗುಳ್ಳೆಗಳ ಇನ್ನೊಂದು ಗುಂಪು ತಲೆಯೆತ್ತಿರುತ್ತದೆ. ಹಿಮ್ಮಡಿ ಬಿರಿದು ಹೆಜ್ಜೆಯಿಟ್ಟರೆ ರಕ್ತ ಜಿನುಗುತ್ತದೆ. ಇನ್ನು ಕೆಲವರಿಗೆ ನೆತ್ತಿಯ ಮೇಲೆ ದಪ್ಪ ಹೊಟ್ಟು ಕಟ್ಟಿ, ಅದು ಕಿತ್ತುಬರುವಾಗ ಕೂದಲೂ ಜೊತೆಗೆ ಬರುತ್ತದೆ. ಕಿವಿಯ ಹಿಂದೆ, ಹೊಕ್ಕುಳಲ್ಲಿ, ತೊಡೆಸಂದಿಯಲ್ಲಿ ಕೆಂಪು ಕಲೆ ಹರಡುವುದೂ ಉಂಟು. ಇದನ್ನು ಕಂಡವರ ಮನಸ್ಸಿಗೆ ಬರುವುದು ಎರಡೇ ಯೋಚನೆ: ಮದ್ದು ಒಗ್ಗಲಿಲ್ಲ, ಇಲ್ಲವೇ ಮದ್ದು ಕೆಲಸ ಮಾಡಲಿಲ್ಲ. ಎರಡೂ ತಪ್ಪು ಎಂಬುದೇ ಈ ಲೇಖನದ ವಾದ. ಮದ್ದು ತನಗೆ ವಹಿಸಿದ ಕೆಲಸವನ್ನು ಚೆನ್ನಾಗಿಯೇ ಮಾಡಿದೆ. ದದ್ದು ಎದ್ದಿರುವುದು ಆ ಕೆಲಸದಿಂದಲೇ. ಹಾಗಿದ್ದ ಮೇಲೆ ದದ್ದು ಕಂಡ ಕೂಡಲೇ ರೋಗಿ ತಾನಾಗಿ ಚುಚ್ಚುಮದ್ದು ಬಿಡುವುದು ಸರಿಯಲ್ಲ. ಮೊದಲ ಚುಚ್ಚುಮದ್ದಿಗೆ ಮುನ್ನ ಇಂಥದೊಂದು ಸಾಧ್ಯತೆಯ ಬಗ್ಗೆ ವೈದ್ಯರು ಬಾಯಿ ಬಿಡದಿರುವುದಂತೂ ಇನ್ನೂ ಸರಿಯಲ್ಲ.

ಬಯಾಲಾಜಿಕ್ ಎಂದು ಕರೆಸಿಕೊಳ್ಳುವ ಇಂಥ ಮದ್ದುಗಳು ಮಾಮೂಲಿ ಗುಳಿಗೆಗಳಿಗಿಂತ ಬೇರೆ. ಜೀವಂತ ಕೋಶಗಳನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ, ಅವು ಸ್ರವಿಸುವ ಪ್ರೋಟೀನನ್ನು ಶುದ್ಧೀಕರಿಸಿ ತಯಾರಿಸುತ್ತಾರೆ. ನುಂಗಿದರೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುವುದರಿಂದ ಚರ್ಮದಡಿಗೋ ರಕ್ತನಾಳಕ್ಕೋ ಕೊಡಬೇಕು. ಉರಿಯೂತದ ಕಾಯಿಲೆಗಳಲ್ಲಿ ಇವುಗಳ ಯುಗ ಆರಂಭವಾದದ್ದು ಲಂಡನ್ನಿನಲ್ಲಿ. ಲುಧಿಯಾನಾದಲ್ಲಿ ಹುಟ್ಟಿದ ರವೀಂದರ್ ಮೈನಿ ಮತ್ತು ಅವರ ಸಹೋದ್ಯೋಗಿ ಮಾರ್ಕ್ ಫೆಲ್ಡ್‌ಮನ್, ರುಮಟಾಯ್ಡ್ ಸಂಧಿವಾತದ ಕೀಲುಗಳಲ್ಲಿ ಟಿಎನ್‌ಎಫ್ ಎಂಬ ಒಂದೇ ಸಂದೇಶವಾಹಕ ಪ್ರೋಟೀನು ಉರಿಯೂತದ ಮುಂಚೂಣಿಯಲ್ಲಿದೆ ಎಂದು ವಾದಿಸಿದರು. 1992ರಲ್ಲಿ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಆ ಪ್ರೋಟೀನನ್ನು ಕಟ್ಟಿಹಾಕುವ ಇನ್‌ಫ್ಲಿಕ್ಸಿಮ್ಯಾಬನ್ನು ಕೆಲವೇ ರೋಗಿಗಳಿಗೆ ಕೊಟ್ಟು ನೋಡಿದಾಗ ಸಿಕ್ಕ ಗುಣ ಆ ಕಾಲಕ್ಕೆ ನಂಬಲಾಗದಷ್ಟು ದೊಡ್ಡದಾಗಿತ್ತು. 2003ರ ಲಾಸ್ಕರ್ ಪ್ರಶಸ್ತಿ ಇಬ್ಬರಿಗೂ ಸಂದಿತು. 1998ರಲ್ಲಿ ಅಮೆರಿಕ ಇನ್‌ಫ್ಲಿಕ್ಸಿಮ್ಯಾಬನ್ನು ಕರುಳಿನ ಕ್ರೋನ್ಸ್ ಕಾಯಿಲೆಗೂ, ಎಟಾನರ್ಸೆಪ್ಟನ್ನು ಸಂಧಿವಾತಕ್ಕೂ ಒಪ್ಪಿತು. 2002ರ ಕೊನೆಯಲ್ಲಿ, ಟಿಎನ್‌ಎಫ್ ಅನ್ನೇ ತಡೆಯುವ ಅಡಾಲಿಮುಮ್ಯಾಬ್ ಬಂತು. ಭಾರತದ ಮಟ್ಟಿಗೆ ದೊಡ್ಡ ತಿರುವು 2014ರ ಡಿಸೆಂಬರಿನದು. ಅಹಮದಾಬಾದಿನ ಝೈಡಸ್ ಕಂಪನಿ ಅಡಾಲಿಮುಮ್ಯಾಬಿನ ಪ್ರತಿರೂಪವನ್ನು ಜಗತ್ತಿನಲ್ಲೇ ಮೊದಲಿಗೆ ಮಾರುಕಟ್ಟೆಗೆ ತಂದಿತು. ಅದಕ್ಕೂ ಒಂದು ವರ್ಷ ಮೊದಲೇ ಬೆಂಗಳೂರಿನ ಬಯೋಕಾನ್, ಸೋರಿಯಾಸಿಸ್‌ಗಾಗಿ ಇಟೋಲಿಜುಮ್ಯಾಬ್ ಎಂಬ ಬೇರೊಂದು ಬಗೆಯ ಮದ್ದನ್ನು ಬಿಡುಗಡೆ ಮಾಡಿತ್ತು. ಇಂದು ಇವು ಅಗ್ಗವೇನಲ್ಲ, ಆದರೆ ದೊಡ್ಡ ನಗರದ ಸಿರಿವಂತರಿಗಷ್ಟೇ ಮೀಸಲಾಗಿ ಉಳಿದಿಲ್ಲ. ಬಳಸುವವರು ಹೆಚ್ಚಿದಷ್ಟೂ ಅಪರೂಪದ ಅಡ್ಡಪರಿಣಾಮ ಕೂಡ ಹೆಚ್ಚು ಮನೆಗಳ ಬಾಗಿಲಿಗೆ ಬರುತ್ತದೆ.

ಮದ್ದು ಶುರುಮಾಡುವ ಮುಂಚೆ ಕ್ಷಯದ ಪರೀಕ್ಷೆ ಮಾಡಿಸುತ್ತಾರೆ, ಹೆಪಟೈಟಿಸ್ ಬಿ ಇದೆಯೇ ಎಂದು ರಕ್ತ ನೋಡುತ್ತಾರೆ. ದೇಹದಲ್ಲಿ ಮಲಗಿರುವ ಕ್ಷಯದ ರೋಗಾಣುವನ್ನು ಹಿಡಿದಿಡುವ ಕೆಲಸದಲ್ಲಿ ಟಿಎನ್‌ಎಫ್‌ಗೂ ಪಾಲಿರುವುದರಿಂದ, ಕ್ಷಯ ಇಷ್ಟೊಂದಿರುವ ನಮ್ಮ ದೇಶದಲ್ಲಿ ಈ ಎಚ್ಚರಿಕೆ ತಪ್ಪದೆ ಬೇಕು. ಆದರೆ ಚರ್ಮದ ಮಾತು ಬಂದಾಗ ಹೆಚ್ಚಿನವರು ಚುಚ್ಚಿದ ಜಾಗ ಕೆಂಪಾಗಬಹುದು ಎಂದಷ್ಟೇ ಹೇಳಿ ಮುಗಿಸುತ್ತಾರೆ. ಸೋರಿಯಾಸಿಸ್ ಹೊಸದಾಗಿ ಹುಟ್ಟಿದ ವರದಿಗಳು 2000ದ ದಶಕದ ಮೊದಲ ವರ್ಷಗಳಿಂದಲೇ ವೈದ್ಯಕೀಯ ಪತ್ರಿಕೆಗಳಲ್ಲಿ ಬರತೊಡಗಿದ್ದವು. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಟಿಎನ್‌ಎಫ್ ತಡೆಯುವ ಎಲ್ಲ ಮದ್ದುಗಳ ಮಾಹಿತಿಪತ್ರದಲ್ಲೂ ಸೋರಿಯಾಸಿಸ್ ವಿಷಯ ಸೇರಿಸುವಂತೆ ಸೂಚಿಸಿತು. ಪೊಟ್ಟಣದೊಳಗಿನ ಆ ಮಡಿಸಿದ ಹಾಳೆಯನ್ನು ಓದುವವರು ಎಷ್ಟು ಮಂದಿ?

ದದ್ದಿಗೆ ಮದ್ದೇ ಕಾರಣ ಎಂಬ ಮಾತಿಗೆ ಮೊದಲ ಆಕ್ಷೇಪ ಬರುವುದು ವಿಜ್ಞಾನಿಗಳಿಂದಲೇ. ಸೋರಿಯಾಸಿಸ್ ಅಪರೂಪದ ಕಾಯಿಲೆಯಲ್ಲ; ಮೇಲಾಗಿ ಕ್ರೋನ್ಸ್ ಕಾಯಿಲೆಗೂ ಅದಕ್ಕೂ ಕೆಲವು ವಂಶವಾಹಿಗಳು ಸಮಾನ. ಹಾಗಾದರೆ ಮದ್ದು ತೆಗೆದುಕೊಳ್ಳುತ್ತಿರುವಾಗ ಕಾಕತಾಳೀಯವಾಗಿ ಬಂದದ್ದಕ್ಕೆ ಮದ್ದನ್ನೇಕೆ ದೂರಬೇಕು? ಪ್ರಶ್ನೆ ನ್ಯಾಯವಾದದ್ದು, ಉತ್ತರವೂ ಗಟ್ಟಿಯಾಗಿದೆ. ಬ್ರಿಟನ್ನಿನ ಸಂಧಿವಾತ ತಜ್ಞರ ಸಂಘ ಬಯಾಲಾಜಿಕ್ ಪಡೆಯುವವರ ದೊಡ್ಡ ದಾಖಲೆಯೊಂದನ್ನು ಇಟ್ಟಿದೆ. 2009ರಲ್ಲಿ ಪ್ರಕಟವಾದ ಅದರ ಲೆಕ್ಕದಲ್ಲಿ, ಟಿಎನ್‌ಎಫ್ ತಡೆಯುವ ಮದ್ದು ಪಡೆದ 9,826 ರುಮಟಾಯ್ಡ್ ರೋಗಿಗಳಲ್ಲಿ 25 ಮಂದಿಗೆ ಹೊಸದಾಗಿ ಸೋರಿಯಾಸಿಸ್ ಬಂದಿತ್ತು. ತೀವ್ರ ಕಾಯಿಲೆಯಿದ್ದೂ ಹಳೆಯ ಮಾತ್ರೆಗಳನ್ನೇ ತೆಗೆದುಕೊಳ್ಳುತ್ತಿದ್ದ 2,880 ಮಂದಿಯಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಅಡಾಲಿಮುಮ್ಯಾಬ್ ಪಡೆದವರಲ್ಲಿ ಪ್ರಮಾಣ ಇನ್‌ಫ್ಲಿಕ್ಸಿಮ್ಯಾಬ್, ಎಟಾನರ್ಸೆಪ್ಟ್ ಎರಡಕ್ಕಿಂತ ಹೆಚ್ಚಿತ್ತು. ಇದರ ಜೊತೆಗೆ ವೈದ್ಯರು ಮತ್ತೆ ಮತ್ತೆ ಕಂಡ ಇನ್ನೊಂದು ಸಂಗತಿಯಿದೆ. ಹಲವರಲ್ಲಿ ಮದ್ದು ನಿಲ್ಲಿಸಿದರೆ ದದ್ದು ಇಳಿಯುತ್ತದೆ, ಅದೇ ವರ್ಗದ ಬೇರೆ ಮದ್ದು ಕೊಟ್ಟರೆ ಮರಳುತ್ತದೆ. ಕಾಕತಾಳೀಯವಾಗಿದ್ದರೆ ಹೀಗೆ ಮದ್ದಿನ ಹಿಂದೆಯೇ ಬಂದು ಮದ್ದಿನ ಹಿಂದೆಯೇ ಹೋಗುತ್ತಿರಲಿಲ್ಲ. ರೂಪವೂ ಬೇರೆಯೇ: ಸಾಮಾನ್ಯ ಸೋರಿಯಾಸಿಸ್‌ನಲ್ಲಿ ಮೊಣಕೈ ಮೊಣಕಾಲುಗಳ ಮೇಲೆ ಬೆಳ್ಳಿಬಣ್ಣದ ಹೊಟ್ಟಿನ ಪಟ್ಟೆಗಳು ಹೆಚ್ಚು, ಮದ್ದಿನಿಂದ ಬಂದದ್ದರಲ್ಲಿ ಅಂಗೈ ಅಂಗಾಲಿನ ಕೀವುಗುಳ್ಳೆ ಮತ್ತು ನೆತ್ತಿಯ ಕಾಟ ಎದ್ದು ಕಾಣುತ್ತದೆ. ಪ್ರಮಾಣ ಎಷ್ಟು ಎಂಬುದಕ್ಕೆ ಒಂದೇ ಅಂಕಿ ಹೇಳಲಾಗದು. ಬ್ರಿಟನ್ನಿನ ಲೆಕ್ಕ ಸಾವಿರ ಮಂದಿಯನ್ನು ಒಂದು ವರ್ಷ ಗಮನಿಸಿದರೆ ಒಬ್ಬರಿಗೆ ಎನ್ನುವಷ್ಟು. ಸಾಮಾನ್ಯವಾಗಿ ಉಲ್ಲೇಖಿಸುವುದು ನೂರಕ್ಕೆ 2ರಿಂದ 5 ಮಂದಿ ಎಂದು. ಯಾವ ಕಾಯಿಲೆಯವರನ್ನು ನೋಡಿದರು, ಎಷ್ಟು ಕಾಲ ನೋಡಿದರು, ಬಟ್ಟೆ ಸರಿಸಿ ಚರ್ಮವನ್ನು ಪರೀಕ್ಷಿಸಿದರೇ ಅಥವಾ ರೋಗಿ ಹೇಳಿದ್ದನ್ನಷ್ಟೇ ಬರೆದುಕೊಂಡರೇ ಎಂಬುದರ ಮೇಲೆ ಅಂಕಿ ಬದಲಾಗುತ್ತದೆ.

ಇನ್ನು ಒಳಗೆ ನಡೆಯುವುದೇನು? ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಸ್ವಾರಸ್ಯದ ಭಾಗ ಇದು. ಟಿಎನ್‌ಎಫ್ ಬರೀ ಬೆಂಕಿ ಹಚ್ಚುವ ಪ್ರೋಟೀನು ಎಂದು ನಾವು ತಿಳಿಯುತ್ತೇವೆ. ನಿಜದಲ್ಲಿ ಅದು ಕಟ್ಟಡ ಕೆಲಸದ ಮೇಸ್ತ್ರಿಯಿದ್ದಂತೆ. ಒಂದು ಗುಂಪಿನ ಆಳುಗಳನ್ನು ಕೆಲಸಕ್ಕೆ ಹಚ್ಚುತ್ತಲೇ ಇನ್ನೊಂದು ಗುಂಪು ಅತಿಮಾಡದಂತೆ ನೋಡಿಕೊಂಡಿರುತ್ತದೆ. ಚರ್ಮಕ್ಕೆ ಗಾಯವೋ ಸೋಂಕೋ ಆದಾಗ ಪ್ಲಾಸ್ಮಸೈಟಾಯ್ಡ್ ಡೆಂಡ್ರಿಟಿಕ್ ಕೋಶಗಳೆಂಬ ಕಾವಲು ಕೋಶಗಳು ಅಲ್ಲಿಗೆ ಧಾವಿಸಿ ಇಂಟರ್‌ಫೆರಾನ್ ಆಲ್ಫಾ ಎಂಬ ಪ್ರಬಲ ಎಚ್ಚರಿಕೆಯ ಪ್ರೋಟೀನನ್ನು ಸುರಿಯುತ್ತವೆ. ಆ ಕೋಶಗಳು ಬೇಗ ಬಲಿತು ಸುರಿಯುವುದನ್ನು ನಿಲ್ಲಿಸುವಂತೆ ಮಾಡುವುದು ಟಿಎನ್‌ಎಫ್. ಟಿಎನ್‌ಎಫ್ ತಡೆದರೆ ಇಂಟರ್‌ಫೆರಾನ್ ಹೆಚ್ಚುತ್ತದೆ ಎಂಬುದನ್ನು 2005ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದ್ದರು. ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದಲ್ಲಿ ಕರ್ಡಿನ್ ಕಾನ್ರಾಡ್, ಮಿಷೆಲ್ ಜಿಲಿಯೆ ಮತ್ತು ಸಂಗಡಿಗರು ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ರೋಗಿಗಳ ಚರ್ಮದಲ್ಲೇ ಕಂಡಿತು. ಸಾಮಾನ್ಯ ಸೋರಿಯಾಸಿಸ್‌ನಲ್ಲಿ ಇಂಟರ್‌ಫೆರಾನಿನ ಅಲೆ ಆರಂಭದಲ್ಲೊಮ್ಮೆ ಎದ್ದು ಇಳಿಯುತ್ತದೆ, ಆಮೇಲೆ ಕಾಯಿಲೆಯನ್ನು ನಡೆಸಿಕೊಂಡು ಹೋಗುವುದು ಪ್ರತಿರೋಧ ವ್ಯವಸ್ಥೆಯ ಟಿ ಕೋಶಗಳು. ಮದ್ದಿನಿಂದ ಬಂದ ಸೋರಿಯಾಸಿಸ್‌ನಲ್ಲಿ ಅಲೆ ಇಳಿಯುವುದೇ ಇಲ್ಲ, ಹೊರಚರ್ಮದಲ್ಲಿ ಟಿ ಕೋಶಗಳು ಮಾತ್ರ ತೀರಾ ಕಡಿಮೆ. ಸಾಮಾನ್ಯ ಸೋರಿಯಾಸಿಸ್ ವಾಸಿಯಾದಂತೆ ಕಂಡ ಜಾಗದಲ್ಲೇ ಮರುಕಳಿಸುವುದು, ಅಲ್ಲಿ ಟಿ ಕೋಶಗಳ ನೆನಪು ಉಳಿದಿರುತ್ತದೆ ಎಂಬ ಕಾರಣಕ್ಕೆ. ಮದ್ದಿನದರಲ್ಲಿ ಆ ನೆನಪು ಕೂರುವುದಿಲ್ಲ. ಮದ್ದು ನಿಂತ ಮೇಲೆ ಹಲವರಲ್ಲಿ ಅದು ಪೂರ್ತಿ ಹೋಗಿಬಿಡುವುದು ಏಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಸದ್ಯಕ್ಕಿಲ್ಲ. ಇನ್ನೊಂದು ದಿಕ್ಕಿನಿಂದಲೂ ಸಾಕ್ಷಿ ಸಿಗುತ್ತದೆ. ಹಿಂದೆ ಹೆಪಟೈಟಿಸ್ ಸಿ ಕಾಯಿಲೆಗೆ ಇಂಟರ್‌ಫೆರಾನನ್ನೇ ಚುಚ್ಚುತ್ತಿದ್ದಾಗ ಕೆಲವರಲ್ಲಿ ಸೋರಿಯಾಸಿಸ್ ಕೆರಳುತ್ತಿತ್ತು. ಈ ಕಾವಲು ಕೋಶಗಳನ್ನು ಎಬ್ಬಿಸುವ ಇಮಿಕ್ವಿಮೋಡ್ ಮುಲಾಮು ಹಚ್ಚಿದಾಗಲೂ ಹಾಗೇ ಆದದ್ದುಂಟು.

ಟಿಎನ್‌ಎಫ್ ಒಂದೇ ಹೀಗಿದ್ದರೆ ಅಪವಾದ ಎಂದು ಬಿಡಬಹುದಿತ್ತು. ಆದರೆ ಸೋರಿಯಾಸಿಸ್‌ಗೆ 2015ರಿಂದ ಬಳಕೆಗೆ ಬಂದ ಸೆಕುಕಿನುಮ್ಯಾಬ್ ಮತ್ತು ಅದರ ಬಂಧುಗಳು ಐಎಲ್-17 ಎಂಬ ಪ್ರೋಟೀನನ್ನು ತಡೆಯುತ್ತವೆ. ಹೊಟ್ಟಿನ ಪಟ್ಟೆಗಳು ಮಾಯವಾದ ಕೆಲವರಲ್ಲಿ ಅದರ ಬದಲು ನೀರೂರುವ, ವಿಪರೀತ ತುರಿಸುವ ಇಸುಬು ಏಳುತ್ತದೆ. ಇಸುಬಿನ ಕಥೆ ಇದಕ್ಕೆ ಉಲ್ಟಾ. ಐಎಲ್-4 ಮತ್ತು ಐಎಲ್-13ರ ದಾರಿ ಮುಚ್ಚುವ ಡುಪಿಲುಮ್ಯಾಬ್ 2017ರಲ್ಲಿ ಬಂದು ತೀವ್ರ ಇಸುಬಿನವರಿಗೆ ನಿದ್ದೆ ಮರಳಿಸಿತು. ಕೆಲವರಲ್ಲಿ ಮಾತ್ರ ಸೋರಿಯಾಸಿಸ್ ಹೋಲುವ ದದ್ದು, ಮುಖದ ಕೆಂಪು, ಕಣ್ಣಿನ ಉರಿಯೂತ ತಂದಿತು. ಒಂದು ಬಗೆಯ ಪ್ರತಿರೋಧವನ್ನು ಅದುಮಿದಾಗ ಅದರ ಎದುರಿನ ಬಗೆ ತಲೆಯೆತ್ತುವುದು ಇಲ್ಲಿ ಎರಡೂ ಕಡೆಯಿಂದ ಕಾಣಿಸುತ್ತದೆ. ಚರ್ಮದಾಚೆಗೂ ಇದೇ ಪಾಠ ಸಿಕ್ಕಿತ್ತು. ಟಿಎನ್‌ಎಫ್ ತಡೆಯುವ ಲೆನರ್ಸೆಪ್ಟನ್ನು ನರಗಳ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲಿರೋಸಿಸ್‌ಗೆ ಪ್ರಯೋಗಿಸಿದಾಗ ರೋಗ ಉಲ್ಬಣಿಸಿತೆಂದು 1999ರಲ್ಲಿ ವರದಿಯಾಯಿತು. ಸೆಕುಕಿನುಮ್ಯಾಬನ್ನು ಕ್ರೋನ್ಸ್ ಕಾಯಿಲೆಗೆ ಕೊಟ್ಟು ನೋಡಿದವರು 2012ರಲ್ಲಿ ಪ್ರಕಟಿಸಿದ ಫಲಿತಾಂಶ, ಹುಸಿಮದ್ದು ಪಡೆದವರಿಗಿಂತ ಮದ್ದು ಪಡೆದವರೇ ಹಿಂದೆ ಬಿದ್ದರು ಎಂಬುದಾಗಿತ್ತು. ಕರುಳಿನ ಒಳಪದರವನ್ನು ಭದ್ರವಾಗಿಡುವ ಕೆಲಸವನ್ನೂ ಐಎಲ್-17 ಮಾಡುತ್ತಿತ್ತು ಎಂಬುದು ಆಗ ಮನವರಿಕೆಯಾಯಿತು. ಇಷ್ಟು ಬೇರೆ ಬೇರೆ ಮದ್ದು, ಇಷ್ಟು ಬೇರೆ ಬೇರೆ ಅಂಗ, ಆದರೂ ಒಂದೇ ಬಗೆಯ ನಡವಳಿಕೆ. ಇವೆಲ್ಲವನ್ನೂ ಬಿಡಿಬಿಡಿ ಅಪಘಾತಗಳೆಂದು ನೋಡಲು ನನ್ನಿಂದಾಗದು. ಪ್ರತಿರೋಧ ವ್ಯವಸ್ಥೆಯ ಇಂಥ ಪ್ರೋಟೀನು ಒಂದು ಕಡೆ ಉರಿ ಹೆಚ್ಚಿಸಿ ಇನ್ನೊಂದು ಕಡೆ ಉರಿ ತಗ್ಗಿಸುವಂಥದ್ದು. ಅದನ್ನು ಪೂರಾ ತಡೆದವರು ಎರಡೂ ಫಲಕ್ಕೆ ಸಿದ್ಧರಿರಬೇಕು.

ಮದ್ದು ಒಗ್ಗಲಿಲ್ಲ, ಅಂದರೆ ಅಲರ್ಜಿ ಎಂಬ ವಾದವನ್ನು ಹೆಚ್ಚು ಬೆಳೆಸಬೇಕಿಲ್ಲ. ಮದ್ದಿನ ಅಲರ್ಜಿಯಾದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲೋ ಗಂಟೆಗಳಲ್ಲೋ ಮೈಮೇಲೆ ಗಂಧೆ ಏಳುತ್ತದೆ, ಮುಖ ಊದುತ್ತದೆ, ಉಸಿರು ಕಟ್ಟುತ್ತದೆ. ಆಗ ಮದ್ದನ್ನು ಬಿಡಲೇಬೇಕು. ಇಲ್ಲಿ ಹೇಳುತ್ತಿರುವ ದದ್ದು ವಾರಗಳು, ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಕಳೆದ ಮೇಲೆ ಬರುವಂಥದ್ದು. ನಮ್ಮಲ್ಲಿ ಇದಕ್ಕಿಂತ ದೊಡ್ಡ ಗೊಂದಲ ಹುಳುಕಡ್ಡಿಯದು. ಕೆಂಪಾಗಿ ಹೊಟ್ಟು ಕಟ್ಟಿದ ತೊಡೆಸಂದಿಯ ಕಲೆಯನ್ನು ಕಂಡ ಕೂಡಲೇ ಮೆಡಿಕಲ್ ಶಾಪಿಗೆ ಹೋಗಿ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರೂ ಬೆರೆತ ಟ್ಯೂಬು ತರುವುದು ಊರೂರಲ್ಲಿ ರೂಢಿ. ಪ್ರಬಲ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ 2018ರಲ್ಲಿ ಕೇಂದ್ರ ಸರ್ಕಾರ ನಿಯಮ ಬಿಗಿಮಾಡಿದರೂ ಅವು ಸುಲಭವಾಗಿ ಸಿಗುತ್ತಲೇ ಇವೆ. ಕಲೆ ನಿಜವಾಗಿ ಹುಳುಕಡ್ಡಿಯಾಗಿದ್ದರೆ ಆ ಸ್ಟೀರಾಯ್ಡ್ ಅದನ್ನು ಹಬ್ಬಿಸುತ್ತದೆ, ಅದರಲ್ಲೂ ರೋಗನಿರೋಧಕ ಶಕ್ತಿಯನ್ನು ಮದ್ದಿನಿಂದ ತಗ್ಗಿಸಿಕೊಂಡವರಲ್ಲಿ. ಸೋರಿಯಾಸಿಸ್ ಆಗಿದ್ದರೆ ನಾಲ್ಕು ದಿನ ಅಡಗಿಸಿಟ್ಟು ವೈದ್ಯರ ಕಣ್ಣಿಗೆ ಬೀಳದಂತೆ ಮಾಡುತ್ತದೆ. ಇವೆರಡನ್ನು ಬೇರ್ಪಡಿಸಲು ದೊಡ್ಡ ಯಂತ್ರ ಬೇಕಿಲ್ಲ. ಕಲೆಯ ಅಂಚಿನ ಹೊಟ್ಟನ್ನು ಮೆಲ್ಲಗೆ ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು, ಪೊಟ್ಯಾಶಿಯಂ ಹೈಡ್ರಾಕ್ಸೈಡಿನ ಒಂದು ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಇದ್ದರೆ ಕಾಣುತ್ತವೆ. ಬಯಾಲಾಜಿಕ್ ಪಡೆಯುತ್ತಿರುವ ಯಾರೇ ಆಗಲಿ ಈ ಪರೀಕ್ಷೆಗೆ ಮೊದಲು ಅಂಗಡಿಯ ಮುಲಾಮು ಮುಟ್ಟಬಾರದು.

ಹೀಗೆಲ್ಲ ಆಗುವುದಾದರೆ ಇಂಥ ಮದ್ದಿನ ಸಹವಾಸವೇ ಏಕೆ ಎಂದು ಕೇಳುವವರಿದ್ದಾರೆ. ರುಮಟಾಯ್ಡ್ ಸಂಧಿವಾತವನ್ನು ಅದರ ಪಾಡಿಗೆ ಬಿಟ್ಟರೆ ಕೀಲಿನ ಮೃದ್ವಸ್ಥಿ ಸವೆದು ಬೆರಳುಗಳು ಶಾಶ್ವತವಾಗಿ ಸೊಟ್ಟಗಾಗುತ್ತವೆ. ಕ್ರೋನ್ಸ್ ಕಾಯಿಲೆ ಹದ್ದುಮೀರಿದರೆ ಕರುಳು ಕಿರಿದಾಗಿಯೋ ತೂತಾಗಿಯೋ ಶಸ್ತ್ರಚಿಕಿತ್ಸೆಗೆ ಬಂದು ನಿಲ್ಲುತ್ತದೆ. ಅಂಗಾಲಿನ ಗುಳ್ಳೆ ಎಷ್ಟೇ ಹಿಂಸೆ ಕೊಟ್ಟರೂ ವಾಸಿಯಾಗುವಂಥದ್ದು, ಕತ್ತರಿಸಿದ ಕರುಳು ಮರಳುವುದಿಲ್ಲ. ಈ ತೂಕದ ವ್ಯತ್ಯಾಸ ಗೊತ್ತಿಲ್ಲದೆ ಹೆದರಿ ಚುಚ್ಚುಮದ್ದು ಬಿಟ್ಟವರಿಗೆ ಇನ್ನೂ ಎರಡು ನಷ್ಟ ಕಾದಿರುತ್ತದೆ. ಅಡಾಲಿಮುಮ್ಯಾಬ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಎರಡು ವಾರ ಬೇಕು, ಹಾಗಾಗಿ ಬಿಟ್ಟ ಮಾತ್ರಕ್ಕೆ ದದ್ದು ನಾಳೆಯೇ ಹೋಗುವುದಿಲ್ಲ. ಇನ್‌ಫ್ಲಿಕ್ಸಿಮ್ಯಾಬನ್ನು ಬಿಟ್ಟು ಬಹಳ ದಿನದ ಮೇಲೆ ಮತ್ತೆ ಶುರುಮಾಡಿದರೆ ಅಷ್ಟರಲ್ಲಿ ದೇಹ ಅದರ ವಿರುದ್ಧವೇ ಪ್ರತಿಕಾಯ ಬೆಳೆಸಿಕೊಂಡಿದ್ದು, ಮದ್ದು ನಾಟದೆ ಹೋಗಬಹುದು, ಕೊಡುವಾಗ ಅಪಾಯಕಾರಿ ಪ್ರತಿಕ್ರಿಯೆಯೂ ಆಗಬಹುದು. ಸರಿಯಾದ ದಾರಿ ನಿಧಾನದ್ದು. ದದ್ದು ಅಲ್ಪವಾಗಿದ್ದರೆ ಚರ್ಮರೋಗ ತಜ್ಞರು ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮು, ವಿಟಮಿನ್ ಡಿ ವರ್ಗದ ಮುಲಾಮು ಅಥವಾ ನೇರಳಾತೀತ ಬೆಳಕಿನ ಚಿಕಿತ್ಸೆಯಿಂದ ಚುಚ್ಚುಮದ್ದನ್ನು ಮುಂದುವರಿಸಿಕೊಂಡೇ ಹತೋಟಿಗೆ ತರಬಹುದು. ಅನೇಕರಿಗೆ ಇಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಮೆಥೊಟ್ರೆಕ್ಸೇಟ್ ಸೇರಿಸುತ್ತಾರೆ, ಅದು ಕೀಲಿಗೂ ಒಳ್ಳೆಯದು, ಆದರೆ ಗರ್ಭಿಣಿಯರಿಗೂ ಗರ್ಭ ಧರಿಸುವ ಯೋಚನೆ ಇರುವವರಿಗೂ ಸಲ್ಲದು. ಮೈತುಂಬ ಹರಡಿದರೆ, ನಡೆಯಲಾಗದಂತಾದರೆ, ತಲೆಗೂದಲು ಹೋಗತೊಡಗಿದರೆ ಮದ್ದಿನ ವರ್ಗವನ್ನೇ ಬದಲಿಸಬೇಕು. ಒಂದು ಟಿಎನ್‌ಎಫ್ ಮದ್ದಿನಿಂದ ಇನ್ನೊಂದು ಟಿಎನ್‌ಎಫ್ ಮದ್ದಿಗೆ ಹೋದರೆ ದದ್ದು ಅಲ್ಲಿಗೂ ಹಿಂಬಾಲಿಸುವುದೇ ಹೆಚ್ಚು. ಕ್ರೋನ್ಸ್ ರೋಗಿಗಳಿಗೆ ಉಸ್ಟೆಕಿನುಮ್ಯಾಬ್ ಇಂಥ ಹೊತ್ತಿನಲ್ಲಿ ಚೆನ್ನಾಗಿ ಒದಗಿಬಂದಿದೆ, ಏಕೆಂದರೆ ಅದು ಕರುಳಿಗೂ ಚರ್ಮಕ್ಕೂ ಎರಡಕ್ಕೂ ಮದ್ದು. ಬೀಡಿ ಸಿಗರೇಟು ಸೇದುವವರು ಅದನ್ನು ಬಿಡುವುದು ಒಳಿತು. ಅಂಗೈ ಅಂಗಾಲಿನ ಕೀವುಗುಳ್ಳೆಗೂ ಹೊಗೆಸೊಪ್ಪಿಗೂ ನಂಟಿರುವುದು ಹಳೆಯ ಸಂಗತಿ.

ಕೊನೆಯ ಆಕ್ಷೇಪ ವೈದ್ಯರದು. ನೂರರಲ್ಲಿ ಹೆಚ್ಚೆಂದರೆ ಐದು ಜನಕ್ಕೆ ಬರುವ ತೊಂದರೆಯನ್ನು ಮೊದಲೇ ಹೇಳಿದರೆ, ಕ್ಷಯ ಎಂದಾಗಲೇ ಅರ್ಧ ಹೆದರಿರುವ ರೋಗಿ ಮದ್ದನ್ನೇ ಬೇಡವೆನ್ನುತ್ತಾನೆ ಎಂಬುದು ಅವರ ಅಳುಕು. ಆ ಅಳುಕನ್ನು ಹಗುರವಾಗಿ ಕಾಣುವಂತಿಲ್ಲ. ಒಬ್ಬ ರೋಗಿಗೆ ಹತ್ತು ನಿಮಿಷ ಕೊಡಲೂ ಆಗದ ಹೊರರೋಗಿ ವಿಭಾಗದಲ್ಲಿ ಕೂತವರ ಕಷ್ಟ ಅದು. ಆದರೂ ಲೆಕ್ಕ ಹೇಳುವುದು ಬೇರೆ. ಮೊದಲೇ ಹೇಳಿಸಿಕೊಂಡವನು ದದ್ದು ಬಂದಾಗ ಫೋನ್ ಮಾಡುತ್ತಾನೆ. ಹೇಳಿಸಿಕೊಳ್ಳದವನು ಮೋಸಹೋದೆ ಅಂದುಕೊಂಡು ಆ ವೈದ್ಯರ ಬಳಿಗೇ ಬರುವುದನ್ನು ಬಿಟ್ಟು, ಕೀಲನ್ನೂ ಕರುಳನ್ನೂ ಕಾಪಾಡುತ್ತಿದ್ದ ಮದ್ದನ್ನು ಕೈಬಿಡುತ್ತಾನೆ. ಹೇಳಬೇಕಾದ್ದು ಎರಡು ವಾಕ್ಯದಷ್ಟೇ: ಕೆಲವರಿಗೆ ಅಂಗೈ, ಅಂಗಾಲು, ನೆತ್ತಿಯ ಮೇಲೆ ದದ್ದು ಬರಬಹುದು, ಬಂದರೆ ಮದ್ದು ನಿಲ್ಲಿಸದೆ ಒಂದು ಫೋಟೊ ತೆಗೆದಿಟ್ಟುಕೊಂಡು ಬೇಗ ಬನ್ನಿ. ಹಾಗೆ ಬಂದವರನ್ನು ಸಂಧಿವಾತ ತಜ್ಞರೂ ಚರ್ಮರೋಗ ತಜ್ಞರೂ ಒಟ್ಟಿಗೆ ನೋಡುವ ಏರ್ಪಾಡು ದೊಡ್ಡ ಆಸ್ಪತ್ರೆಗಳಲ್ಲಾದರೂ ಆಗಲೇಬೇಕು; ಚರ್ಮದವರು ಚುಚ್ಚುಮದ್ದು ಬಿಡಿ ಅನ್ನುವುದು, ಕೀಲಿನವರು ಬಿಡಬೇಡಿ ಅನ್ನುವುದು, ನಡುವೆ ರೋಗಿ ಚೀಟಿಗಳನ್ನು ಹಿಡಿದು ಅಲೆಯುವುದು ಈಗಿನ ಸ್ಥಿತಿ.

ನಮ್ಮ ದೇಶದಲ್ಲಿ ತಯಾರಾಗುವ ಪ್ರತಿರೂಪ ಮದ್ದುಗಳನ್ನು ನಮ್ಮ ಜನರೇ ಹೆಚ್ಚು ಬಳಸುತ್ತಿರುವಾಗ, ಬ್ರಿಟನ್ನಿನಂಥ ದಾಖಲೆ ನಮಗೂ ಬೇಕು. ಅದಕ್ಕೆ ಮೊದಲ ಹೆಜ್ಜೆಯನ್ನು ರೋಗಿಯೇ ಇಡಬಹುದು. ಅಡ್ಡಪರಿಣಾಮಗಳನ್ನು ದಾಖಲಿಸಿಕೊಳ್ಳಲು 2010ರಿಂದ ನಡೆಯುತ್ತಿರುವ ಭಾರತೀಯ ಔಷಧ ಜಾಗೃತಿ ಕಾರ್ಯಕ್ರಮದ ಕೇಂದ್ರ ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗದಲ್ಲಿದೆ. ಅಲ್ಲಿಗೆ ವೈದ್ಯರಷ್ಟೇ ಬರೆಯಬೇಕೆಂದಿಲ್ಲ, ರೋಗಿಯೂ ಮನೆಯವರೂ ತಿಳಿಸಬಹುದು. ಅದರ ಅರ್ಜಿ ಕನ್ನಡದಲ್ಲೂ ಸಿಗುತ್ತದೆ. ಶುಲ್ಕವಿಲ್ಲದ ದೂರವಾಣಿ ಸಂಖ್ಯೆ 1800-180-3024. ಕರೆ ಮಾಡುವಾಗ ಮದ್ದಿನ ಹೆಸರು, ತಯಾರಿಸಿದ ಕಂಪನಿ, ಪೊಟ್ಟಣದ ಮೇಲಿನ ಬ್ಯಾಚ್ ಸಂಖ್ಯೆ, ಮೊದಲ ಚುಚ್ಚುಮದ್ದಿನ ತಾರೀಖು ಮತ್ತು ದದ್ದು ಕಂಡ ತಾರೀಖು ಕೈಯಲ್ಲಿರಲಿ.